ಕತ್ತರಿಸಿ ಬಿಸಾಡಿದ ಕಾರ್ಡು ನಮ್ಮ ಕಣ ನುಂಗ್ತು

ಕ್ಲೋಸ್ ಮಾಡಿ ಅಂದಿದ್ದ ಕ್ರೆಡಿಟ್ ಕಾರ್ಡಿಗೆ ಬಾಕಿ ತೋರಿಸಿ ನಂಗೆ ಎಲ್ಲೂ ಸಾಲ ಸಿಗದ ಹಾಗೆ ಮಾಡಿದಾರೆ. ದೂರು ಕೊಟ್ಟು ನಲವತ್ತೇಳು ದಿನ ಬಾಯಿ ಮುಚ್ಕೊಂಡಿದ್ದೆ, ಇನ್ನು ಆಗಲ್ಲ. ಹೊಟ್ಟೆ ಉರೀತಾ ಇದೆ. ಹೊರಗೆ ಮಳೆ, ಕರೆಂಟ್ ಹೋಗಿ ಎರಡು ದಿನ ಆಯ್ತು, ಜೀಪಲ್ಲಿ ಫೋನ್ ಚಾರ್ಜ್ ಮಾಡ್ಕೊಂಡು ಬಂದು ಟೈಪ್ ಮಾಡ್ತಿದೀನಿ, ಅಕ್ಷರ ತಪ್ಪಿದ್ರೆ ಸರಿ ಮಾಡ್ಕೊಂಡು ಓದಿ.

ಕೊಡಗಿನ ನಾಪೋಕ್ಲು ಕಡೆ ನಮ್ದು ನಾಲ್ಕು ಎಕರೆ ರೋಬಸ್ಟಾ ಕಾಫಿ, ಮಧ್ಯೆ ಮರಕ್ಕೆ ಹಬ್ಬಿಸಿರೋ ಕಾಳುಮೆಣಸು. ಕಣ ಇನ್ನೂ ಮಣ್ಣಿಂದೇ. ಅದ್ರ ಮೇಲೆ ಟಾರ್ಪಾಲ್ ಹಾಸಿ ಚೆರ್ರಿ, ಅಂದ್ರೆ ಕೊಯ್ದ ಕಾಫಿ ಹಣ್ಣು, ಒಣಗಿಸ್ತೀವಿ. ಹೋದ ಕೊಯ್ಲಲ್ಲಿ ಒಂದು ಸಂಜೆ ಮಳೆ ಬಂತು ನೋಡಿ, ನಾನು, ಹೆಂಡ್ತಿ, ಮಗಳು ಮೂರೂ ಜನ ಓಡಾಡಿ ರಾಶಿ ಮಾಡಿ ಮುಚ್ಚಿದ್ವಿ, ಆದ್ರೆ ನೀರು ಅಡೀಲಿ ನುಗ್ಗಿ ಬಿಟ್ಟಿತ್ತು, ಬೆಳಿಗ್ಗೆ ಟಾರ್ಪಾಲ್ ಎತ್ತಿದ್ರೆ ಬಿಸಿ ಹಬೆ, ಹುಳಿ ವಾಸನೆ, ಕೈ ಹಾಕಿದ್ರೆ ಕಾಯಿ ಅಂಟಂಟು. ಬೂಷ್ಟು ಬಂದ ಕಾಫಿ ಅಂತ ವ್ಯಾಪಾರಿ ರೇಟ್ ಇಳಿಸಿ ತಗೊಂಡ್ರು. ಆವತ್ತೇ ಹೆಂಡ್ತಿ ಹೇಳಿದ್ಲು, ರೀ, ಮುಂದಿನ ಕೊಯ್ಲಿಗೆ ಸಿಮೆಂಟ್ ಕಣ ಆಗ್ಲೇಬೇಕು ಅಂತ. ನಾನೂ ಹೂಂ ಅಂದೆ. ಕಾಫಿ ದುಡ್ಡು ಮಗಳ ಕಾಲೇಜಿಗೆ ಹೋಯ್ತು, ಹಂಗಾಗಿ ಎರಡೂವರೆ ಲಕ್ಷ ಸಾಲಕ್ಕೆ ಹೊರಟಿದ್ದು.

2024ರಲ್ಲಿ ಚೆರ್ರಿ ಮೂಟೆ ಹತ್ತು ಸಾವಿರ ದಾಟಿದ ಮೇಲೆ ಕೊಡಗಿನವರೆಲ್ಲ ಕೋಟ್ಯಧೀಶರು ಅಂತ ಹೊರಗಿನವರು ತಿಳ್ಕೊಂಡಿದಾರೆ, ನಾಲ್ಕು ಎಕರೆಯವನ ಮನೆಗೆ ಬಂದು ನೋಡ್ಲಿ. ಇನ್ನು ಜಾಗ ಇದ್ಯಲ್ಲ ಅಡ ಇಡಿ ಅಂತ ಕೇಳೋರಿಗೆ, ನಮ್ದು ಜಮ್ಮಾ ಜಾಗ, ಅಂದ್ರೆ ತಲೆಮಾರಿಂದ ಬಂದ ಮನೆತನದ ಜಂಟಿ ಜಮೀನು. ಆರ್‌ಟಿಸಿ ಪಟ್ಟೇದಾರರ, ಅಂದ್ರೆ ಮನೆತನದ ಹಿರಿಯರ ಹೆಸರಲ್ಲಿದೆ, ಪಾಲಿರೋ ಕೂಡುದಾರರು ಒಬ್ಬರು ದುಬೈ, ಒಬ್ಬರು ಬೆಂಗಳೂರು, ಎಲ್ಲರ ಸಹಿ ಒಟ್ಟು ಹಾಕೋ ಹೊತ್ತಿಗೆ ಇನ್ನೊಂದು ಕೊಯ್ಲು ಮುಗಿಯತ್ತೆ. ಜಾಗ ಇದ್ರೂ ಕಾಗದ ಕೈಯಲ್ಲಿಲ್ಲದ ನನ್ನಂಥವನಿಗೆ ಉಳಿಯೋದು ಹೆಸರಿನ ಮೇಲೆ ಸಿಗೋ ಸಾಲ ಒಂದೇ. ಆ ಹೆಸರನ್ನೇ ಹಾಳು ಮಾಡಿಟ್ಟಿದಾರೆ.

2025ರ ಮೇ ಮೊದಲ ವಾರ ಮಡಿಕೇರಿಯ ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಒಳ್ಳೆ ಮನುಷ್ಯ, ಅವರ ಮೇಲೆ ನಂಗೆ ಬೇಜಾರಿಲ್ಲ. ಪ್ಯಾನ್ ನಂಬರ್ ಹಾಕಿದ್ರು, ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ, ಆಮೇಲೆ "ಸರ್, 641 ತೋರಿಸ್ತಿದೆ, ನಮ್ಮಲ್ಲಿ 700ರ ಕೆಳಗಿದ್ರೆ ಸಿಸ್ಟಮ್ಮೇ ತಗೊಳಲ್ಲ" ಅಂದ್ರು. ಸಾಲ ಹೇಗೆ ಕಟ್ಟಿದೀವಿ ಅಂತ ನೋಡಿ 300ರಿಂದ 900ರ ಒಳಗೆ ಕೊಡೋ ಮಾರ್ಕ್ ಅದು, ಎಲ್ಲರೂ ಸಿಬಿಲ್ ಸಿಬಿಲ್ ಅಂತಾರಲ್ಲ. ನಾನು ಯಾರ್ದು ಏನು ಬಾಕಿ ಉಳಿಸ್ಕೊಂಡಿದೀನಿ ಸರ್ ಅಂತ ಕೇಳ್ದೆ, ಅವರು ಕಂಪ್ಯೂಟರ್ ನನ್ ಕಡೆ ತಿರುಗಿಸಿದ್ರು.

ಸಣ್ಣ ಸಣ್ಣ ಚೌಕ, ತಿಂಗಳಿಗೊಂದು. ಮೊದಲೆಲ್ಲ 000, 000, 000. ಆಮೇಲೆ 2024ರ ನವೆಂಬರ್ ಚೌಕದಲ್ಲಿ 025. ಡಿಸೆಂಬರ್ 056. ಜನವರಿ 087, ಫೆಬ್ರವರಿ 115, ಮಾರ್ಚ್ 146. ಕಟ್ಬೇಕಾದ ದಿನ ದಾಟಿ ಎಷ್ಟು ದಿನ ಆಯ್ತು ಅನ್ನೋ ಲೆಕ್ಕ ಅಂತೆ ಅದು. ನನ್ ಹೆಸರಿನ ಕೆಳಗೆ 146! ನಮ್ಮಪ್ಪ ಒಬ್ಬರ ಹತ್ರ ಹತ್ತು ರೂಪಾಯಿ ಉಳಿಸ್ಕೊಂಡೋರಲ್ಲ, ಅವರ ಮಗ ನಾನು, ಎದುರಿಗೆ ಇಬ್ಬರು ಗುರುತಿನವರು ಕೂತಿದಾರೆ, ಅಲ್ಲಿ ತಲೆ ತಗ್ಗಿಸಿ ಕೂರೋ ಹಾಗಾಯ್ತು.

ಯಾವ ಸಾಲ ಗೊತ್ತಾ? 2021ರಲ್ಲಿ ದಸರಾ ನೋಡೋಕೆ ಮೈಸೂರಿಗೆ ಹೋದಾಗ ಮಾಲ್ ಬಾಗ್ಲಲ್ಲಿ ಟೇಬಲ್ ಹಾಕ್ಕೊಂಡು ನಿಂತಿದ್ದ ಹುಡುಗ ಕೊಟ್ಟ ಕ್ರೆಡಿಟ್ ಕಾರ್ಡು. ಲೈಫ್‌ಟೈಮ್ ಫ್ರೀ ಸರ್, ಒಂದ್ ರೂಪಾಯಿ ಚಾರ್ಜ್ ಇಲ್ಲ ಸರ್ ಅಂತ ಹತ್ತು ಸಲ ಹೇಳ್ದ. ಎರಡು ಸಲ ಉಜ್ಜಿದೆ, ಎರಡು ಸಲಾನೂ ಪೂರ್ತಿ ಕಟ್ಟಿದೆ. 2023ರ ಮಾರ್ಚಲ್ಲಿ ಕಸ್ಟಮರ್ ಕೇರಿಗೆ ಫೋನ್ ಮಾಡಿ ಕ್ಲೋಸ್ ಮಾಡಿ ಅಂದೆ, ಆ ಕಡೆಯ ಹೆಣ್ಮಗಳು "ಆಯ್ತು ಸರ್, ಕಾರ್ಡ್ ಕಟ್ ಮಾಡಿ ಬಿಸಾಡಿ" ಅಂದ್ಲು, ನಾನು ಅಲ್ಲೇ ಜಗಲೀಲಿ ಕೂತು ಕಾಫಿ ಗಿಡದ ಚಿಗುರು ತೆಗೆಯೋ ಕತ್ತರೀಲಿ ನಾಲ್ಕು ತುಂಡು ಮಾಡಿ ಒಲೆಗೆ ಹಾಕ್ದೆ. ಕಾರ್ಡ್ ಸುಟ್ರೆ ಅಕೌಂಟ್ ಸಾಯಲ್ಲ ಅಂತ ಯಾರು ಹೇಳಿದ್ರು ನಂಗೆ? ಯಾರೂ ಹೇಳ್ಲಿಲ್ಲ.

2024ರ ಅಕ್ಟೋಬರಲ್ಲಿ ಆ ಸತ್ತ ಕಾರ್ಡಿಗೆ ವಾರ್ಷಿಕ ಶುಲ್ಕ ಅಂತ 500 ರೂಪಾಯಿ, ಅದ್ರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 590 ಹಾಕಿದಾರೆ. ಬಿಲ್ಲು ಹೋಗಿದ್ದು ಆ ಹುಡುಗನೇ ಟೈಪ್ ಮಾಡಿದ ಈಮೇಲಿಗೆ, ನನ್ ಹೆಸರಲ್ಲಿ ಒಂದಕ್ಷರ ತಪ್ಪು. ಮೆಸೇಜ್ ಹೋಗಿದ್ದು ಹಳೇ ನಂಬರಿಗೆ, ಮಳೆಗಾಲದಲ್ಲಿ ನಮ್ಮೂರಲ್ಲಿ ಆ ಸಿಮ್ಮಿಗೆ ಒಂದು ಕಡ್ಡಿ ಸಿಗ್ನಲ್ಲೂ ಇರ್ಲಿಲ್ಲ ಅಂತ ಬಿಟ್ಟಿದ್ದೆ. ಹೊಸ ಸಿಮ್ ತಗೊಂಡಾಗ ಸುಟ್ಟು ಹಾಕಿದ ಕಾರ್ಡಿಗೂ ನಂಬರ್ ಅಪ್‌ಡೇಟ್ ಮಾಡ್ಬೇಕು ಅಂತ ಯಾವ ಮನುಷ್ಯನಿಗೆ ಹೊಳೆಯತ್ತೆ ಹೇಳಿ. ತಿಂಗಳು ತಿಂಗಳು ಲೇಟ್ ಫೀ 500, ಅದಕ್ಕೂ ಜಿಎಸ್‌ಟಿ, ಆರು ಸಲ. 590 ಹೋಗಿ 4,130 ಆಗಿ ಕೂತಿತ್ತು. ನಾನು ಒಂದು ಬೆಂಕಿಪೊಟ್ಣ ಕೂಡ ಕೊಂಡಿಲ್ಲ ಅದ್ರಲ್ಲಿ.

ಈಗ ಕೇಳಿ ನಂಗೆ ಜಾಸ್ತಿ ಸಿಟ್ಟು ಬರ್ಸಿದ್ದು. ನಮ್ಮ ಭಾವನ ಮಗ ಒಬ್ಬ ಕುಶಾಲನಗರದಲ್ಲಿ ಬ್ಯಾಂಕ್ ಕೆಲ್ಸದಲ್ಲಿದಾನೆ, ಅವನು ರಿಸರ್ವ್ ಬ್ಯಾಂಕಿನ 2022ರ ಕಾರ್ಡ್ ನಿಯಮ ತೆಗ್ದು ಓದಿ ಹೇಳ್ದ. ಒಂದು ವರ್ಷಕ್ಕಿಂತ ಜಾಸ್ತಿ ಉಪಯೋಗಿಸದ ಕಾರ್ಡಿದ್ರೆ ಬ್ಯಾಂಕೇ ಗಿರಾಕಿಗೆ ತಿಳಿಸಿ ಕ್ಲೋಸ್ ಮಾಡೋ ಕೆಲ್ಸ ಶುರು ಮಾಡ್ಬೇಕು, 30 ದಿನದಲ್ಲಿ ಉತ್ತರ ಬರದಿದ್ರೆ ಮುಚ್ಬೇಕು. ಬಾಕಿ ಇಲ್ಲದ ಗಿರಾಕಿ ಕ್ಲೋಸ್ ಮಾಡಿ ಅಂದ್ರೆ 7 ಕೆಲ್ಸದ ದಿನದೊಳಗೆ ಮಾಡ್ಬೇಕು, ತಡ ಮಾಡಿದ್ರೆ ದಿನಕ್ಕೆ 500 ರೂಪಾಯಿ ಅವರೇ ನಮಗೆ ಕೊಡ್ಬೇಕು! ಅಂದ್ರೆ ನನ್ ಕಾರ್ಡು ಅಕ್ಟೋಬರ್ ಹೊತ್ತಿಗೆ ಇರಲೇಬಾರದಿತ್ತು. ತಮ್ಮ ಕೆಲ್ಸ ತಾವು ಮಾಡದೆ, ಮುಚ್ಬೇಕಾದ ಖಾತೆ ತೆರೆದಿಟ್ಟು, ಅದಕ್ಕೆ ಶುಲ್ಕ ಹಾಕಿ, ಅದನ್ನ ಕಟ್ಟಿಲ್ಲ ಅಂತ ನನ್ನನ್ನೇ ಸುಸ್ತಿದಾರ ಮಾಡಿದಾರೆ. ಕಸ್ಟಮರ್ ಕೇರಿಗೆ ಮತ್ತೆ ಫೋನ್ ಮಾಡಿದ್ರೆ 2023ರ ಕಾಲ್ ರೆಕಾರ್ಡ್ ಇಲ್ಲ ಸರ್ ಅಂತಾರೆ. ನಂದು 590 ಬಾಕಿ ಮಾತ್ರ ದಿನದ ಲೆಕ್ಕದ ಸಮೇತ ರೆಕಾರ್ಡ್ ಇರತ್ತೆ.

ಅಷ್ಟಕ್ಕೇ ಮುಗೀಲಿಲ್ಲ. ನಾನು ನಿಜವಾಗ್ಲೂ ಉಪಯೋಗಿಸೋ ಕಾರ್ಡ್ ಇನ್ನೊಂದಿದೆ, ಲಿಮಿಟ್ 40,000. ಏಪ್ರಿಲ್ ಬಿಲ್ಲಲ್ಲಿ ಪಂಪಿನ ರೀವೈಂಡಿಂಗ್, ಸ್ಪ್ರಿಂಕ್ಲರ್ ಪೈಪು, ಗೊಬ್ಬರ ಎಲ್ಲ ಸೇರಿ 34,000 ಆಗಿತ್ತು. ಡ್ಯೂ ಡೇಟಿಗೆ ಐದು ದಿನ ಮುಂಚೇನೇ ಪೈಸೆ ಬಿಡದೆ ಕಟ್ಟಿದ್ದೆ. ಅದಕ್ಕೂ ಮಾರ್ಕ್ ಕಮ್ಮಿ ಅಂತೆ! ಯಾಕೆ ಅಂದ್ರೆ ಸಿಬಿಲ್‌ನವರಿಗೆ ಹೋಗೋದು ಬಿಲ್ ಆದ ದಿನದ ಬಾಕಿ, ನಾವು ಆಮೇಲೆ ಕಟ್ಟಿದ್ದು ಮುಂದಿನ ಸಲ ಕಾಣತ್ತೆ. ಲಿಮಿಟ್ಟಿನ 30 ಪರ್ಸೆಂಟ್ ಒಳಗೆ ಖರ್ಚು ಇಟ್ಕೊಂಡ್ರೆ ಒಳ್ಳೇದು ಅಂತ ಹೇಳ್ತಾರೆ, ನಂದು 85 ಪರ್ಸೆಂಟ್. ಸತ್ತ ಕಾರ್ಡಿನ 75,000 ಲಿಮಿಟ್ ಸೇರಿಸಿದ್ರೆ ಅದೇ 34,000 ಖರ್ಚು 30 ಪರ್ಸೆಂಟ್ ಒಳಗೆ ಬರತ್ತೆ. ಹಂಗಾದ್ರೆ ಏನರ್ಥ, ಆ ಕಾರ್ಡ್ ಇಟ್ಕೊಂಡ್ರೆ ಶುಲ್ಕ ಹಾಕಿ ಕುತ್ತಿಗೆ ಹಿಡೀತಾರೆ, ತೆಗ್ದ್ರೆ ಲಿಮಿಟ್ ಕಮ್ಮಿ ಆಗಿ ಈ ಕಡೆಯ ಲೆಕ್ಕ ಏರತ್ತೆ. ರೈತ ಎಲ್ಲಿ ಸಾಯ್ಬೇಕು?

ತಿಂಗಳ ಸಂಬಳ ಬರೋರಿಗೆ ಮಾಡಿದ ಲೆಕ್ಕ ಇದು. ನಮಗೆ ದುಡ್ಡು ಬರೋದು ವರ್ಷಕ್ಕೊಂದು ಸಲ, ಕಾಫಿ ಮಾರಿದಾಗ. ಖರ್ಚು ಬರೋದು ಹೂವಿಗೆ ನೀರು ಹೊಡೆಯೋವಾಗ, ಗೊಬ್ಬರ ಹಾಕೋವಾಗ, ಕಳೆ ತೆಗೆಸೋವಾಗ. ಗೋಣಿಕೊಪ್ಪದ ಗೊಬ್ಬರದ ಅಂಗಡೀಲಿ ನನ್ ಹೆಸರಿನ ಪುಟ ಇದೆ, ಹನ್ನೊಂದು ವರ್ಷದ್ದು. ಯಜಮಾನರು ಪೆನ್ನಲ್ಲಿ ಬರ್ಕೋತಾರೆ, ಕಾಫಿ ಮಾರಿದ ವಾರ ನಾನು ಹೋಗಿ ಎಣಿಸಿ ಕೊಡ್ತೀನಿ, ಅವರು ಪುಟದ ಮೇಲೆ ಅಡ್ಡಗೆರೆ ಎಳೀತಾರೆ. ಹನ್ನೊಂದು ಅಡ್ಡಗೆರೆ. 2018ರ ಆಗಸ್ಟಲ್ಲಿ ಅಷ್ಟು ಗುಡ್ಡ ಕುಸಿದು ಕೊಡಗೇ ಹಾಳಾದ ವರ್ಷನೂ ಕಟ್ಟಿದ್ದೆ, ಹೆಂಡ್ತಿ ಬಳೆ ಇಟ್ಟು. ಆ ಪುಸ್ತಕ ಯಾವ ಸಿಬಿಲ್ಲಲ್ಲಿ ಬರತ್ತೆ? ಬರಲ್ಲ. ಸುಟ್ಟು ಹೋದ ಕಾರ್ಡಿನ 590 ಬರತ್ತೆ.

ಸರಿ, ಹೆಂಡ್ತಿ ಹೆಸರಲ್ಲಿ ಮಾಡೋಣ ಅಂತ ಇನ್ನೊಂದು ಬ್ಯಾಂಕಿಗೆ ಹೋದ್ವಿ. ಅವಳ್ದು ಮೈನಸ್ ಒಂದು ಅಂತ ಬಂತು. ಅಂದ್ರೆ ಸಾಲದ ಚರಿತ್ರೆನೇ ಇಲ್ಲ. ಜೀವಮಾನದಲ್ಲಿ ಒಬ್ಬರ ಹತ್ರ ಕೈ ಚಾಚದ ಹೆಂಗಸು, ಸ್ವಸಹಾಯ ಸಂಘದ ಉಳಿತಾಯ ಒಂದು ವಾರ ತಪ್ಸಿಲ್ಲ, ಅವಳನ್ನ ನಂಬೋಕಾಗಲ್ಲ ಅಂದ್ರು. ಮೊದಲ ಸಲ ಸಾಲ ಕೇಳೋರಿಗೆ ಚರಿತ್ರೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಇಲ್ಲ ಅನ್ಬಾರದು ಅಂತ ರಿಸರ್ವ್ ಬ್ಯಾಂಕ್ 2025ರ ಜನವರೀಲೇ ಹೇಳಿದೆ ಅನ್ನೋದು ನಮಗೆ ಗೊತ್ತಾಗಿದ್ದು ಆಮೇಲೆ, ಗೊತ್ತಿದ್ರೆ ಅಲ್ಲೇ ಕೇಳ್ತಿದ್ದೆ. ಅವಳು ಬಸ್ಸಲ್ಲಿ ವಾಪಸ್ ಬರ್ತಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ಲು, ಮೂರ್ನಾಡು ದಾಟೋವರೆಗೂ ಒಂದು ಮಾತಾಡ್ಲಿಲ್ಲ. ಅದನ್ನ ನಾನು ಮರೆಯಲ್ಲ.

ನನ್ ಕಡೆಯಿಂದನೂ ಒಂದು ತಪ್ಪಾಗಿದೆ, ಅದನ್ನೂ ಹೇಳ್ತೀನಿ, ಬೇರೆಯವರಿಗಾದ್ರೂ ಗೊತ್ತಾಗ್ಲಿ. ಸ್ಕೋರ್ ನೋಡಿದ್ರೆ ಸ್ಕೋರ್ ಇಳಿಯತ್ತೆ ಅಂತ ಯಾರೋ ಹೇಳಿದ್ದನ್ನ ನಂಬಿ ವರ್ಷಗಟ್ಟಲೆ ನೋಡೇ ಇರ್ಲಿಲ್ಲ. ಸುಳ್ಳು ಅದು. ನಮ್ಮ ವರದಿ ನಾವು ನೋಡಿದ್ರೆ ಏನೂ ಆಗಲ್ಲ, ಸಾಲಕ್ಕೆ ಅರ್ಜಿ ಹಾಕಿ ಬ್ಯಾಂಕಿನವರು ನೋಡಿದ್ರೆ ಮಾತ್ರ ಗುರುತು ಬೀಳತ್ತೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ನಾಲ್ಕು ಕಂಪನಿ ಇದೆ, ನಾಲ್ಕೂ ವರ್ಷಕ್ಕೊಂದು ಸಲ ಪೂರ್ತಿ ವರದಿ ಫ್ರೀ ಕೊಡ್ಬೇಕು. ನೋಡಿದ್ದಿದ್ರೆ ನವೆಂಬರಲ್ಲೇ ಆ 025 ಕಣ್ಣಿಗೆ ಬೀಳ್ತಿತ್ತು. ಮಡಿಕೇರೀಲಿ ಆಗಲ್ಲ ಅಂದ್ಮೇಲೆ ಗಾಬರೀಲಿ ಇನ್ನೂ ಎರಡು ಕಡೆ ಅರ್ಜಿ ಹಾಕ್ದೆ, 641 ಇದ್ದಿದ್ದು 633 ಆಯ್ತು.

ಮಧ್ಯೆ ವಸೂಲಿಯವನೊಬ್ಬ ಫೋನ್ ಮಾಡಿದ. ಏಕವಚನದಲ್ಲಿ. "ಎರಡು ಸಾವಿರ ಹಾಕು, ಸೆಟಲ್ ಮಾಡ್ಬಿಡ್ತೀನಿ" ಅಂತ. ನಾನು ತಗೊಳ್ಳಪ್ಪ ಅಂತ ಹಾಕೋನೇ ಇದ್ದೆ, ಭಾವನ ಮಗ ಬೇಡವೇ ಬೇಡ ಮಾವ ಅಂತ ಕಿರುಚಿದ. ಸೆಟಲ್ಡ್ ಅಂತ ಬರೆದ್ರೆ ಪೂರ್ತಿ ಕಟ್ಟದೆ ಕೈ ಎತ್ತಿದವನು ಅಂತ ಅರ್ಥ, ಅದು ವರ್ಷಗಟ್ಟಲೆ ವರದೀಲಿ ಕೂರತ್ತೆ, ಕ್ಲೋಸ್ಡ್ ಅಂತಲೇ ಬರ್ಬೇಕಂತೆ. ಇದನ್ನ ಆ ವಸೂಲಿಯವನು ಹೇಳಿದ್ನಾ? ಇಲ್ಲ. ನನಗೆ ಉಪಕಾರ ಮಾಡ್ತಿರೋ ಹಾಗೆ ಮಾತಾಡ್ದ. ನಾನು ತಿನ್ನದ 4,130 ರೂಪಾಯಿ ಪೂರ್ತಿ ಕಟ್ಟಿ, ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು, ಮೇ 14ಕ್ಕೆ ಬ್ಯಾಂಕಿಗೂ ಸಿಬಿಲ್ಲಿಗೂ ದೂರು ಹಾಕ್ದೆ.

ದೂರು ಕೊಟ್ಟ 30 ದಿನದಲ್ಲಿ ಸರಿ ಮಾಡ್ಬೇಕು, ಬ್ಯಾಂಕಿನವರು ತಮ್ಮ ಕಡೆಯದನ್ನ 21 ದಿನದಲ್ಲಿ ಕಳಿಸ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ದೂರುದಾರನಿಗೆ, 2024ರ ಏಪ್ರಿಲಿಂದ ಇದು ಜಾರಿಯಲ್ಲಿದೆ. ಇವತ್ತು ಜೂನ್ 30, ನಲವತ್ತೇಳನೇ ದಿನ. ಬಂದಿರೋದು ಒಂದೇ ಮೆಸೇಜು, "ನಿಮ್ಮ ದೂರು ಪರಿಹಾರವಾಗಿದೆ" ಅಂತ. ವರದಿ ತೆಗ್ದು ನೋಡಿದ್ರೆ 146 ಹಂಗೇ ಇದೆ, ಪಕ್ಕದಲ್ಲಿ ಏಪ್ರಿಲ್ಲಿಂದು 176 ಅಂತ ಇನ್ನೊಂದು ಚೌಕ ಸೇರಿದೆ. ಏನು ಪರಿಹಾರ ಆಯ್ತು? ಯಾರಿಗಾಯ್ತು?

17 ದಿನಕ್ಕೆ 1,700 ರೂಪಾಯಿ ಆಗಿದೆ ಲೆಕ್ಕ, ಅದನ್ನ ಕೇಳೇ ಕೇಳ್ತೀನಿ, ಬಿಡಲ್ಲ. ಆದ್ರೆ ಅದರಲ್ಲಿ ಕಣ ಆಗಲ್ಲ. ಈ ಸಲ ಮಳೆ ಮೇ ಕೊನೇಲೇ ಹಿಡ್ಕೊಂಡಿತು, ಇನ್ನು ನೆಲ ಅಗೆಯೋದು ಮಳೆ ಬಿಟ್ಟ ಮೇಲೇನೇ, ಅಷ್ಟೊತ್ತಿಗೆ ಸಾಲ ಆಗಿಲ್ಲ ಅಂದ್ರೆ ಮತ್ತೆ ಅದೇ ಟಾರ್ಪಾಲು. ಇವತ್ತು ಬೆಳಿಗ್ಗೆ ಹೆಂಡ್ತಿ ಹರಿದ ಟಾರ್ಪಾಲನ್ನ ದಬ್ಬಣದಲ್ಲಿ ಹೊಲೀತಾ ಇದ್ಲು.

ನಾಳೆ ಕರೆಂಟ್ ಬಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನಿಗೆ ಪೋರ್ಟಲಲ್ಲಿ ಹಾಕ್ತೀನಿ, ಬರದಿದ್ರೆ ಅವರ 14448 ನಂಬರಿಗೆ ಫೋನ್ ಮಾಡ್ತೀನಿ. ಕ್ಲೋಸ್ ಮಾಡಿ ಅಂತ ಫೋನಲ್ಲಿ ಮಾತ್ರ ಹೇಳಿ, ಬರವಣಿಗೇಲಿ ಏನೂ ತಗೊಳ್ಳದೆ ಹೀಗೆ ಸಿಕ್ಕಾಕ್ಕೊಂಡೋರು ವಿರಾಜಪೇಟೆ, ಸೋಮವಾರಪೇಟೆ ಕಡೆ ಯಾರಾದ್ರೂ ಇದ್ರೆ, ಕಾಲ್ ರೆಕಾರ್ಡ್ ಹೊರಗೆ ತೆಗೆಸೋಕೆ ಏನು ಮಾಡಿದ್ರಿ ಅಂತ ಹೇಳಿ, ನಂಗೆ ಅದು ಬೇಕೇ ಬೇಕು.