ಸ್ಪಷ್ಟನೆ: ವೇತನದ ಅಂತರಕ್ಕೆ ‘ಆಯ್ಕೆ’ಯೊಂದೇ ಕಾರಣವಲ್ಲ

‘ಸಮಾನ ವೇತನದ ಕಾನೂನು ಬಂದು ಎಷ್ಟೋ ಕಾಲವಾಯಿತು. ಈಗಲೂ ಮಹಿಳೆಯರ ಗಳಿಕೆ ಕಡಿಮೆ ಎಂದರೆ ಅದು ಅವರದೇ ಆಯ್ಕೆ’ ಎಂಬ ಸಂದೇಶ ಮೊಬೈಲ್‌ಗಳಲ್ಲಿ ಹರಿದಾಡುತ್ತಿದೆ. ಇದು ಅರ್ಧಸತ್ಯ. ಅದಕ್ಕೇ ಇದನ್ನು ಸುಮ್ಮನೆ ಬಿಡಲು ಮನಸ್ಸಾಗಲಿಲ್ಲ.

ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಎಂಬ ಒಡಂಬಡಿಕೆಯನ್ನು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1951ರಲ್ಲೇ ಅಂಗೀಕರಿಸಿತು, ನಿಜ. ಆದರೆ ಕಾನೂನು ಹೋಲಿಸುವುದು ಕೆಲಸದಲ್ಲಿ ಇರುವವರನ್ನು; ಕೆಲಸದ ಬಾಗಿಲಿಗೇ ಬರಲಾಗದವರು ಅದರ ಲೆಕ್ಕಕ್ಕೆ ಸಿಗುವುದಿಲ್ಲ. ಅದೇ ಸಂಘಟನೆಯ ಅಂದಾಜಿನಂತೆ, 2023ರಲ್ಲಿ ಮನೆಯವರ ಆರೈಕೆಯ ಹೊಣೆಯಿಂದಾಗಿ ದುಡಿಮೆಯಿಂದ ಹೊರಗುಳಿದ ಮಹಿಳೆಯರು 70.8 ಕೋಟಿ. ಪುರುಷರು ಕೇವಲ 4 ಕೋಟಿ.

ಇನ್ನು ಕೆಲಸದಲ್ಲಿರುವವರ ಮಾತು. ಸಂಜೆ 6ಕ್ಕೆ ಶಿಶುವಿಹಾರ ಮುಚ್ಚುತ್ತದೆ, 5.45ಕ್ಕೆ ತುರ್ತು ಸಭೆ ಕರೆಯುತ್ತಾರೆ. ಚೀಲ ಹೆಗಲಿಗೇರಿಸಿ ಏಳುವವರು ಯಾರು? ಬಹುಪಾಲು ತಾಯಿಯೇ. ಮುಂದಿನ ಬಡ್ತಿಯ ಪಟ್ಟಿ ತಯಾರಾಗುವಾಗ ನೆನಪಾಗುವುದು ಅವಳು ಎದ್ದುಹೋದ ಸಂಜೆಗಳು. ಕರೆದಾಗಲೆಲ್ಲ ಹಾಜರಿರುವವರಿಗೆ ಮಿತಿಮೀರಿ ಕೊಡುವ ಇಂಥ ಪದ್ಧತಿಯನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದವರು 2023ರ ಅರ್ಥಶಾಸ್ತ್ರ ನೊಬೆಲ್ ಪುರಸ್ಕೃತೆ ಕ್ಲಾಡಿಯಾ ಗೋಲ್ಡಿನ್. ರಜೆ, ಶಿಶುಪಾಲನೆಯ ಸೌಲಭ್ಯಗಳು ಧಾರಾಳವಾಗಿರುವ ಡೆನ್ಮಾರ್ಕ್‌ನಲ್ಲಿ ಕೂಡ ಮೊದಲ ಮಗುವಿನ ನಂತರ ತಾಯಂದಿರ ಗಳಿಕೆ ತಂದೆಯರಿಗೆ ಹೋಲಿಸಿದರೆ ದೀರ್ಘಾವಧಿಯಲ್ಲಿ ಸುಮಾರು ಶೇ 20ರಷ್ಟು ಹಿಂದೆ ಬೀಳುತ್ತದೆ. ಅಲ್ಲಿಯ ತಂದೆಯರ ಗಳಿಕೆ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ.

ಕೆಲವರು ಕಡಿಮೆ ಅವಧಿಯ ಕೆಲಸವನ್ನು ಮನಸಾರೆ ಬಯಸುತ್ತಾರೆ, ಅಲ್ಲಗಳೆಯುವುದಿಲ್ಲ. ಬೇರೆ ದಾರಿಯೇ ಇಲ್ಲದೆ ಒಪ್ಪಿಕೊಂಡವರನ್ನೂ ಅದೇ ಸಾಲಿಗೆ ಸೇರಿಸಿರುವುದೇ ಆ ಸಂದೇಶದ ತಪ್ಪು.