ಮೊದಲು ಒಟಿಪಿ, ಆಮೇಲೆ ಸಿಡಿಲು

ನೀವೂ ಓದಿರುತ್ತೀರಿ. ಮುಂಗಾರು ಶುರುವಾಗುವ ಹೊತ್ತಿಗೆ ಪೇಪರಿನ ಒಳಪುಟದಲ್ಲಿ ಆ ಪ್ರಕಟಣೆ ತಪ್ಪದೆ ಬರುತ್ತದೆ. ಸಾರ್ವಜನಿಕರು ಹವಾಮಾನ ಮುನ್ನೆಚ್ಚರಿಕೆ ಪಡೆಯಲು ಕೂಡಲೇ ಆ್ಯಪ್ ಹಾಕಿಕೊಂಡು ಹೆಸರು ನೋಂದಾಯಿಸತಕ್ಕದ್ದು. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಸಿಡಿಲು ಬಡಿದು ಕುರಿ ಸತ್ತ ಸುದ್ದಿ. ಎರಡಕ್ಕೂ ಸಂಬಂಧ ಇಲ್ಲ ಅಂದುಕೊಳ್ಳಬೇಡಿ. ಕುರಿಗಳು ನೋಂದಾಯಿಸಿಕೊಂಡಿರಲಿಲ್ಲ.

ಸೇವೆಗೇನೂ ಕೊರತೆ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಮಳೆಗೆ ‘ಮೌಸಮ್’, ಬೆಳೆಗೆ ‘ಮೇಘದೂತ್’, ಸಿಡಿಲಿಗೆ ಪುಣೆಯ ವಿಜ್ಞಾನಿಗಳು ಮಾಡಿದ ‘ದಾಮಿನಿ’, ಅದೇ ಸಿಡಿಲಿಗೆ ನಮ್ಮ ರಾಜ್ಯದವರ ‘ಸಿಡಿಲು’, ಎಲ್ಲ ವಿಪತ್ತಿಗೂ ಸೇರಿಸಿ ‘ಸಚೇತ್’. ಇದರ ಮೇಲೆ ವರುಣಮಿತ್ರ ಸಹಾಯವಾಣಿ, ಜಿಲ್ಲಾ ಕಂಟ್ರೋಲ್ ರೂಮಿನ 1077, ಕರೆಂಟ್ ಹೋದರೆ 1912, ಏನೂ ತೋಚದಿದ್ದರೆ 112. ಇಷ್ಟನ್ನೂ ಫೋನಿಗೆ ತುಂಬಬೇಕಾದರೆ ಮೊಮ್ಮಕ್ಕಳ ಫೋಟೊ ಅಳಿಸಬೇಕು. ಅಳಿಸಿ. ಮಕ್ಕಳು ಹೇಗೂ ಬೆಳೆದಿರುತ್ತಾರೆ.

ಮೊನ್ನೆ ನಮ್ಮ ಬೀದಿಯ ರೇಷ್ಮೆ ಹುಳ ಸಾಕುವ ಅಣ್ಣ ಫೋನ್ ಹಿಡಿದುಕೊಂಡು ಬಂದರು. ‘ಸಾರ್, ಇದೊಂದು ಹಾಕ್ಕೊಡಿ.’ ಮೇಲೆ ಹೇಳಿದ ಯಾವುದೂ ಅಲ್ಲ, ಇನ್ನೊಂದು. ಹೆಸರು ಬೇಡ.

ಮೊದಲು ಹೆಸರು, ಆಧಾರ್‌ನಲ್ಲಿ ಇರುವ ಹಾಗೆ. ಆಮೇಲೆ ಪಿನ್‌ಕೋಡ್. ಆಮೇಲೆ ಜಿಲ್ಲೆ. ಚಿಕ್ಕಬಳ್ಳಾಪುರ ಒತ್ತಿದೆ, ತಾಲ್ಲೂಕಿನ ಪಟ್ಟಿ ಖಾಲಿ. ಸುಮ್ನೆ ನೋಡೋಣ ಅಂತ ಕೋಲಾರ ಒತ್ತಿದರೆ ಶಿಡ್ಲಘಟ್ಟ ಅಲ್ಲಿ ಆರಾಮಾಗಿ ಕೂತಿದೆ. ಚಿಂತಾಮಣಿ, ಬಾಗೇಪಲ್ಲಿ, ಗುಡಿಬಂಡೆ ಕೂಡ ಅಲ್ಲೇ. ನಮ್ಮ ಜಿಲ್ಲೆ ಬೇರೆಯಾಗಿದ್ದು 2007ರಲ್ಲಿ. ನಾಳೆ ಸಂಜೆ ಏನಾಗುತ್ತದೆ ಅಂತ ನಮಗೆ ತಿಳಿಸಬೇಕಾದ ಆ್ಯಪ್‌ಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ಆಮೇಲೆ ಉದ್ಯೋಗ. ಕೃಷಿಕ, ಮೀನುಗಾರ, ವಿದ್ಯಾರ್ಥಿ, ಗೃಹಿಣಿ, ಇತರೆ. ‘ಹುಳ ಸಾಕೋರು ಎಲ್ಲಿ ಸಾರ್?’ ಅಂದರು. ನ್ಯಾಯವಾದ ಪ್ರಶ್ನೆ. ಮಳೆ ಸುದ್ದಿ ಎಲ್ಲರಿಗಿಂತ ಮೊದಲು ಬೇಕಾಗಿರುವುದು ಅವರಿಗೇ. ನೆಂದ ಸೊಪ್ಪು ಹಾಕಿದರೆ ಹುಳಕ್ಕೆ ರೋಗ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವಾಗಿನ ನಿದ್ದೆ, ಅದರಿಂದ ಎದ್ದ ಮೇಲಂತೂ ಹುಳದ ಹಸಿವು ತಡೆಯೋಕಾಗಲ್ಲ, ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪು ಆ ಒಂದು ವಾರದಲ್ಲೇ ಖಾಲಿ. ಮಧ್ಯಾಹ್ನ ಮಳೆ ಅಂತ ಬೆಳಿಗ್ಗೆ ಗೊತ್ತಾದರೆ ಎರಡು ಹೊತ್ತಿನ ಸೊಪ್ಪು ಕೊಯ್ದು ಒಳಗೆ ಹಾಕಿಕೊಳ್ಳಬಹುದು. ಇಷ್ಟೆಲ್ಲ ಇದ್ದ ಮನುಷ್ಯನನ್ನು ‘ಇತರೆ’ ಅಂತ ಒತ್ತಿ ಮುಂದೆ ಹೋದೆವು.

ಅಷ್ಟರಲ್ಲಿ ಮೋಡ ಕಟ್ಟಿತು. ಕರೆಂಟ್ ಹೋಯಿತು. ಹಿಂದೆಯೇ ನೆಟ್‌ವರ್ಕ್ ಕೂಡ. ಗಾಳಿ, ಗುಡುಗು, ಆಲಿಕಲ್ಲು ಎಲ್ಲ ಬಂದವು, ಒಟಿಪಿ ಬರಲಿಲ್ಲ. ಮಳೆ ನಿಂತು ಚರಂಡಿ ನೀರು ಇಳಿದ ಮೇಲೆ ಟಿಂಗ್ ಅಂತು. ಒಟಿಪಿ, ಅದರ ಹಿಂದೆಯೇ ಅವಧಿ ಮುಗಿದಿದೆ ಅನ್ನುವ ಸಂದೇಶ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬಾಗಿಲು ಹಾಕೋಕೂ ಮತ್ತೆ ಲಾಗಿನ್ ಆಗಬೇಕು.

ನೋಂದಣಿ ಆದವರ ಸುಖ ಬೇರೆಯೇ ಇದೆ. ಪರಿಚಯದವರೊಬ್ಬರಿಗೆ ಬಂದ ಮೊದಲ ಸಂದೇಶ: ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು. ಚಿಕ್ಕಬಳ್ಳಾಪುರ ಜಿಲ್ಲೆ ಈ ಸೂಚನೆಯನ್ನು ಚಾಚೂ ತಪ್ಪದೆ ಪಾಲಿಸಿತು. ನಂದಿಬೆಟ್ಟದ ಸುತ್ತ ಎರಡು ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಅರ್ಕಾವತಿ ಅಂತ ಇಷ್ಟೊಂದು ನದಿ ಹುಟ್ಟುತ್ತವೆ. ಹುಟ್ಟಿದ್ದಕ್ಕೆ ದಾಖಲೆ ಇದೆ. ನೀರು ಕೇಳಬೇಡಿ.

ಇನ್ನು ಬಣ್ಣಗಳು. ಹಳದಿ, ಕಿತ್ತಳೆ, ಕೆಂಪು. ಇವನ್ನು ನಿಷ್ಠೆಯಿಂದ ನೋಡುವವರು ನಮ್ಮಲ್ಲಿ ಸ್ಕೂಲ್ ಮಕ್ಕಳು ಮಾತ್ರ. ರೆಡ್ ಅಲರ್ಟ್ ಅಂದರೆ ಡಿಸಿ ಸಾಹೇಬರು ರಜೆ ಕೊಡುತ್ತಾರೋ ಇಲ್ಲವೋ, ಅವರಿಗೆ ಅಷ್ಟೇ ಹವಾಮಾನ. ಮಂಗಳೂರು, ಕೊಡಗಿನ ಕಡೆ ರಜೆ ಅಂತ ಟಿವಿಯಲ್ಲಿ ಬಂದಾಗ ನಮ್ಮ ಬಯಲುಸೀಮೆ ಮಕ್ಕಳ ಮುಖ ನೋಡಬೇಕು. ಒಂದು ಹುಡುಗಿ ನನ್ನನ್ನೇ ಕೇಳಿದಳು, ‘ತಾತ, ನಮ್ಮೂರಿಗೆ ರೆಡ್ ಯಾವಾಗ?’

ದೊಡ್ಡವರು ಬಣ್ಣ ನೋಡಿ ಏನು ಮಾಡಬೇಕೋ ನನಗಂತೂ ತಿಳಿದಿಲ್ಲ. ಹವಾಮಾನ ಇಲಾಖೆ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಅಳತೆ ಸರಿಯಾಗಿಯೇ ಇದೆ. ವಾಯುಭಾರ ಕುಸಿತಕ್ಕೂ ನಗುವ ಹಾಗಿಲ್ಲ, 2021ರ ನವೆಂಬರ್‌ನಲ್ಲಿ ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ತುಂಬಿ ಕೋಡಿ ಬಿದ್ದದ್ದು ಅದೇ ಬಂಗಾಳ ಕೊಲ್ಲಿಯ ಮಳೆಗೆ. ಆದರೆ ಕೆರೆ ಕೆಳಗಿನ ಮನೆಯವರಿಗೆ ಬೇಕಿರುವುದು ಇಡೀ ಜಿಲ್ಲೆಯ ಬಣ್ಣ ಅಲ್ಲ. ಮೇಲಿನ ಕೆರೆ ಕೋಡಿ ಬಿತ್ತಾ, ಏರಿ ಗಟ್ಟಿಯಾಗಿದೆಯಾ, ಇವತ್ತು ರಾತ್ರಿ ಮಲಗಬಹುದಾ. ಅಷ್ಟೇ.

ಇದನ್ನು ಹೇಳುವುದಕ್ಕೆ ನಮ್ಮ ಕಡೆ ನೀರುಗಂಟಿ ಇದ್ದರು. ಕೋಲಾರ ಸೀಮೆಯ ಕೆರೆಗಳು ಸಾಲಾಗಿ ಒಂದರ ಕೋಡಿ ಇನ್ನೊಂದಕ್ಕೆ ಹೋಗುವ ಹಾಗೆ ಕಟ್ಟಿದವು. ಮೇಲಿನದು ತುಂಬಿದರೆ ಕೆಳಗಿನವರಿಗೆ ಎಷ್ಟು ಹೊತ್ತು ಉಳಿದಿದೆ ಅನ್ನುವುದು ಅವರಿಗೆ ಗೊತ್ತಿತ್ತು. ರಾತ್ರಿ ಮಳೆಯಲ್ಲಿ ಗೋಣಿಚೀಲ ಕೊಪ್ಪೆ ಹಾಕಿಕೊಂಡು, ಲಾಂದ್ರ ಹಿಡಿದು ಏರಿ ಮೇಲೆ ನಡೆಯೋರು. ತೂಬು ಎತ್ತಬೇಕಾದರೆ ಎತ್ತೋರು, ಊರು ಎಬ್ಬಿಸಬೇಕಾದರೆ ಕೂಗೋರು. ಸುಗ್ಗಿಯಲ್ಲಿ ಕಣದ ಹತ್ತಿರ ಬಂದರೆ ಅವರ ಪಾಲಿನ ರಾಗಿ. ಆ ಕಾಲ ಚೆನ್ನಾಗಿತ್ತು ಅಂತ ಹಾಡಿ ಹೊಗಳೋಕೆ ಹೊರಟಿಲ್ಲ. ಮಳೆಯಲ್ಲಿ ನೆನೆಯುವ ಪಾಳಿ ಸಾಮಾನ್ಯವಾಗಿ ಊರಾಚೆ ಕೇರಿಯವರದ್ದು, ಬೆಚ್ಚಗೆ ಮಲಗುವ ಪಾಳಿ ಊರೊಳಗಿನವರದ್ದು. ಆ ಕೆಲಸಕ್ಕೆ ಸರಿಯಾದ ಸಂಬಳ, ಒಂದು ರೈನ್‌ಕೋಟು, ಒಂದು ಟಾರ್ಚು ಕೊಟ್ಟು ಮುಂದುವರಿಸಬಹುದಿತ್ತು. ಈಗಲೂ ಪಂಚಾಯ್ತಿಯಲ್ಲಿ ನೀರುಗಂಟಿ ಇದ್ದಾರೆ. ಬೋರ್‌ವೆಲ್ ಸ್ವಿಚ್ ಹಾಕುತ್ತಾರೆ.

ತಂತ್ರಜ್ಞಾನ ಬೇಡ ಅನ್ನುತ್ತಿಲ್ಲ. 2023ರ ಅಕ್ಟೋಬರ್ 12 ನೆನಪಿದೆ ಅಲ್ವಾ? ರಾಜ್ಯದಲ್ಲಿ ಫೋನುಗಳೆಲ್ಲ ಇದ್ದಕ್ಕಿದ್ದ ಹಾಗೆ ಕಿರುಚಿಕೊಂಡವು. ಇದು ಪರೀಕ್ಷೆ, ಹೆದರಬೇಡಿ ಅಂತ ಸಂದೇಶ. ಬಸ್ಸಿನಲ್ಲಿ, ಬ್ಯಾಂಕಿನಲ್ಲಿ, ಸಾವಿನ ಮನೆಯಲ್ಲಿ ಎಲ್ಲರೂ ಬೆಚ್ಚಿಬಿದ್ದರು. ಟವರ್ ವ್ಯಾಪ್ತಿಯ ಫೋನುಗಳಿಗೆಲ್ಲ ಒಟ್ಟಿಗೇ ಹೋಗುವ ವ್ಯವಸ್ಥೆ ಅದು. ಯಾರೂ ಹೆಸರು ಬರೆಸಿರಲಿಲ್ಲ, ತಾಲ್ಲೂಕು ಒತ್ತಿರಲಿಲ್ಲ, ಉದ್ಯೋಗ ಹೇಳಿರಲಿಲ್ಲ. ಕೇಳದೆಯೇ ತಲುಪಿಸುವ ದಾರಿ ಇರುವಾಗ ಈ ಫಾರಂ ಯಾಕೆ ಸ್ವಾಮಿ?

ನಗು ಇಲ್ಲಿಗೆ ಸಾಕು. ಸಿಡಿಲಿಗೆ ಸಾಯುತ್ತಿರುವವರು ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಬಯಲಲ್ಲಿ ಕುರಿ ಕಾಯುವವರು, ಮಳೆಗೆ ಅಂತ ಹುಣಸೆ ಮರದಡಿ ನಿಂತವರು. ದಾಮಿನಿ 20ರಿಂದ 40 ಕಿಲೋಮೀಟರ್ ಸುತ್ತಿನ ಸಿಡಿಲನ್ನು ಹೇಳುತ್ತದೆ, ಒಳ್ಳೆಯ ಕೆಲಸವೇ. ಆ ಹೆಂಗಸಿನ ಹತ್ತಿರ ಇರುವುದು ಬಟನ್ ಫೋನು. ಅದೂ ಬದುವಿನ ಮೇಲಿಟ್ಟ ಬುತ್ತಿ ಚೀಲದಲ್ಲಿ. ಇದು ಪ್ರಕಟಣೆ ಬರೆದವರಿಗೆ ಗೊತ್ತಿಲ್ಲ ಅಂತಲ್ಲ. ಗೊತ್ತಿದೆ. ಎಚ್ಚರಿಕೆ ಕೊಡುವುದು ಅವರ ಕೆಲಸ ಆಗಿತ್ತು, ಈಗ ಎಚ್ಚರಿಕೆ ತೆಗೆದುಕೊಳ್ಳುವುದು ನಮ್ಮ ಕೆಲಸ ಆಗಿದೆ. ಫೈಲಿನಲ್ಲಿ ‘ಸಂದೇಶ ರವಾನಿಸಲಾಗಿದೆ’ ಅಂತ ಒಂದು ಸಾಲು ಇದ್ದರೆ ಮುಗಿಯಿತು. ಸತ್ತವರದ್ದೇ ತಪ್ಪು, ಆ್ಯಪ್ ಹಾಕಿಕೊಂಡಿರಲಿಲ್ಲ.

ಕೆರೆ ತುಂಬಿದರೆ ಬಾಗಿನ ಕೊಡೋಕೆ ಮಾತ್ರ ಎಲ್ಲರಿಗೂ ಸಕಾಲಕ್ಕೆ ಸುದ್ದಿ ಹೋಗಿರುತ್ತದೆ. ಶಾಸಕರು, ಸೀರೆ, ಮೊರ, ಕ್ಯಾಮೆರಾ, ಎಲ್ಲ ಹಾಜರ್. ಅದೇ ಕೆರೆಯ ಕೋಡಿ ಕಾಲುವೆ ಮುಚ್ಚಿ ಲೇಔಟ್ ಮಾಡಲು ಸಹಿ ಹಾಕಿದ ದಿನ ಯಾರ ಫೋನೂ ಕಿರುಚಿಕೊಳ್ಳಲಿಲ್ಲ. ಅಲ್ಲಿ ಇನ್ನೂ ಕೆಲವು ಸೈಟು ಮಾರಾಟಕ್ಕಿವೆಯಂತೆ. ಬೇಸಿಗೆಯಲ್ಲೇ ಕರೆದುಕೊಂಡು ಹೋಗಿ ತೋರಿಸುತ್ತಾರೆ.