ಮತ್ಸ್ಯಕನ್ಯೆಗೆ 15 ನಿಮಿಷ, ಟಾಯ್ಲೆಟ್ಟೂ ಸೇರಿ

ಡೆನ್ಮಾರ್ಕಿನ ದೊಡ್ಡ ಮತ್ಸ್ಯಕನ್ಯೆ ಗಲಾಟೆ ನಿಮಗೆಲ್ಲ ಗೊತ್ತೇ ಇದೆ. 4 ಮೀಟರ್ ಎತ್ತರ, 14 ಟನ್ ತೂಕದ ಶಿಲ್ಪದ ಹೆಣ್ಮಗಳು, 2018ರಲ್ಲಿ ಕೋಪನ್‌ಹೇಗನ್‌ನ ಲಾಂಗೆಲಿನಿ ಬಂದರಿಂದ ಎತ್ತಂಗಡಿ ಆದ್ಳು, ಹೋಗಿ ಡ್ರಾಗೋರ್ ಕೋಟೇಲಿ ಕೂತ್ಕೊಂಡ್ಳು, 2025ರಲ್ಲಿ ಅಲ್ಲಿಂದ್ಲೂ ಜಾಗ ಖಾಲಿ ಮಾಡ್ಸಿ ಅಂದ್ರು. ಕೋಟೆಯ ಪರಂಪರೆಗೆ ಹೊಂದಲ್ಲ ಅನ್ನೋದು ಇಲಾಖೆ ಕೊಟ್ಟ ಕಾರಣ. ಜನ ಕಿತ್ತಾಡಿದ್ದು ಮಾತ್ರ ಎದೆ ಸೈಜಿನ ಬಗ್ಗೆ. ಪೇಪರಿನ ಕಲಾವಿಮರ್ಶಕರೊಬ್ರು ಕುರೂಪ, ಅಶ್ಲೀಲ ಅಂತ ಬರೆದೂ ಆಯ್ತು. ಅದೇ ಕೋಪನ್‌ಹೇಗನ್‌ನಲ್ಲಿ ಬಂಡೆ ಮೇಲೆ ಬೆತ್ತಲೆ ಕೂತಿರೋ ಹಳೇ ಪುಟ್ಟ ಮತ್ಸ್ಯಕನ್ಯೆ ಪ್ರತಿಮೆ, ಆ ಚಿಕ್ಕವಳನ್ನ ಟೀಕಪ್ ಮೇಲೆ, ಫ್ರಿಜ್ಜಿಗೆ ಅಂಟಿಸೋ ಮ್ಯಾಗ್ನೆಟ್ ಮೇಲೆ ಅಚ್ಚು ಹಾಕಿ ಮಾರೋ ಊರಿಗೆ ದೊಡ್ಡವಳನ್ನ ಕಂಡ್ರೆ ಇಷ್ಟು ಮಡಿವಂತಿಕೆ!

ಆ ಚಿಕ್ಕವಳನ್ನ ನೋಡೋಕೆ ನಾವೂ ಹೋಗಿದ್ವಿ, ಕ್ರೂಸಲ್ಲಿ. ಬೆಳಗ್ಗೆ ಹಡಗಿಂದ ಇಳಿಸಿ ಎಲ್ಲರ ಶರ್ಟಿಗೂ ನಂಬರ್ ಸ್ಟಿಕ್ಕರ್ ಅಂಟಿಸಿದ್ರು. ಹಡಗು ನಿಂತಿದ್ದು ಲಾಂಗೆಲಿನಿಯಲ್ಲೇ, ಅವಳಿರೋ ಕಡೆಗೆ ನಡ್ಕೊಂಡೇ ಹೋಗ್ಬಹುದು, ಆದ್ರೆ ಪ್ಯಾಕೇಜಲ್ಲಿ ಬಸ್ ಇದೆ ಅಂದ್ಮೇಲೆ ಮುಗೀತು, ಬಸ್ಸಲ್ಲೇ ಹೋಗ್ಬೇಕು, ಇಲ್ಲಾಂದ್ರೆ ದುಡ್ಡು ವೇಸ್ಟ್. ಎಡಗಡೆ ರೋಸೆನ್‌ಬೋರ್ಗ್ ಅರಮನೆ, ಬಲಗಡೆ 1843ರಿಂದ ಇರೋ ಟಿವೋಲಿ ಪಾರ್ಕಿನ ಗೇಟು, ಗೇಟು ಮಾತ್ರ. ಬೋರ್ಸೆನ್ ಬಂತು ಅಂದಾಗ ಬಸ್ಸೆಲ್ಲ ಒಂದೇ ಕಡೆ ವಾಲ್ತು. 2024ರ ಏಪ್ರಿಲಲ್ಲಿ ಬೆಂಕಿ ಬಿದ್ದು ಸುಟ್ಟಿದ್ದು ಆ ಹಳೇ ಷೇರುಪೇಟೆ ಕಟ್ಟಡ, ಕಾಣಿಸಿದ್ದು ಸುತ್ತ ಕಟ್ಟಿರೋ ಕಬ್ಬಿಣದ ಸಾರುವೆ. ಸಾರುವೆದೇ ಫೋಟೋ ತೆಗೆದ್ವಿ, ನಮ್ಮ ಮುಂದಿನ ಸೀಟಿನ ಆಂಟಿ ವಿಡಿಯೋನೇ ಮಾಡಿದ್ರು.

ಆಮೇಲೆ ಅವಳ ದರ್ಶನ. "15 ನಿಮಿಷ ಸಾರ್, ಫೋಟೋ, ಟಾಯ್ಲೆಟ್ ಎರಡೂ ಅದ್ರಲ್ಲೇ" ಅಂದ ಟೂರ್ ಮ್ಯಾನೇಜರ್. ನಾಲ್ಕು ಬಸ್ಸಿನ ಜನ ಒಂದೇ ಸಲ ಇಳಿದು ಬಂಡೆಗಳ ಮೇಲೆ ಸೆಲ್ಫಿ ಸ್ಟಿಕ್ ಎತ್ಕೊಂಡು ನಿಂತಿದ್ರು, ಮಧ್ಯದಲ್ಲೆಲ್ಲೋ 1.25 ಮೀಟರಿನ ಕಂಚಿನ ಹುಡುಗಿ, ತಲೆ ತಗ್ಗಿಸ್ಕೊಂಡು. "ಇಷ್ಟೇನಾ? ಇದಕ್ಕಿಂತ ನಮ್ಮ ಲೇಔಟ್ ಪಾರ್ಕಿನ ಗಾಂಧಿ ದೊಡ್ಡೋರಿದಾರಲ್ರೀ" ಅಂದ್ರು ಒಬ್ಬ ಅಂಕಲ್. ದೊಡ್ಡದು ಬೇಕು ಅಂದ್ರೆ ಡ್ರಾಗೋರಿಗೆ ಹೋಗ್ಬೇಕು ಅಂಕಲ್, ಅದು ಪ್ಯಾಕೇಜಲ್ಲಿಲ್ಲ.

ಈ ಪುಟ್ಟ ಹುಡುಗಿ ಪಟ್ಟ ಪಾಡು ಶತ್ರುಗೂ ಬೇಡ. ಕಾರ್ಲ್ಸ್‌ಬರ್ಗ್ ಬಿಯರ್ ಕಂಪನಿ ಯಜಮಾನರ ಮಗ ಕಾರ್ಲ್ ಯಾಕೋಬ್ಸೆನ್ ಮತ್ಸ್ಯಕನ್ಯೆ ಕಥೆಯ ಬ್ಯಾಲೆ ನೃತ್ಯ ನೋಡಿ ಮನಸೋತು ಮಾಡ್ಸಿದ್ದು, ಅದ್ರಲ್ಲಿ ಕುಣಿದ ನರ್ತಕಿ ಬಟ್ಟೆ ಬಿಚ್ಚಿ ಕೂರಲ್ಲ ಅಂದಿದ್ದಕ್ಕೆ ಶಿಲ್ಪಿ ಎಡ್ವರ್ಡ್ ಎರಿಕ್ಸೆನ್ ತನ್ನ ಹೆಂಡ್ತಿನೇ ಕೂರಿಸಿದ. 1913ರಲ್ಲಿ ಬಂಡೆ ಮೇಲೆ ಬಂದು ಕೂತ್ಳು. 1964ರಲ್ಲಿ ತಲೆ ಕೊಯ್ದ್ರು, 1984ರಲ್ಲಿ ಕೈ, 1998ರಲ್ಲಿ ಮತ್ತೆ ತಲೆ, 2003ರಲ್ಲಿ ಸ್ಫೋಟಕ ಇಟ್ಟು ಇಡೀ ಹುಡುಗೀನೇ ನೀರಿಗೆ ಬೀಳಿಸಿದ್ರು. 2020ರಲ್ಲಿ ಕೂತಿರೋ ಬಂಡೆ ಮೇಲೆ ಯಾರೋ "ರೇಸಿಸ್ಟ್ ಫಿಶ್" ಅಂತ ಬರೆದು ಹೋದ್ರು. ಯಾಕೆ ಅಂತ ಕೇಳ್ಬೇಡಿ, ಮೀನು ಯಾವ ಜನಾಂಗದ ಮೇಲೆ ಭೇದ ಮಾಡ್ತೋ! ಇಷ್ಟಾದ್ರೂ ಕಾಪಿರೈಟ್ ಬಿಡ್ಲಿಲ್ಲ ನೋಡಿ, ಶಿಲ್ಪಿಯ ವಾರಸುದಾರರು ಅವಳ ಕಾರ್ಟೂನ್ ಹಾಕಿದ ಬರ್ಲಿಂಗ್ಸ್ಕೆ ಪೇಪರನ್ನ ಕೋರ್ಟಿಗೆಳೆದು ಕೆಳಗಿನ ಕೋರ್ಟುಗಳಲ್ಲಿ ಗೆದ್ದೂ ಬಿಟ್ಟಿದ್ರು, 2023ರಲ್ಲಿ ಸುಪ್ರೀಂ ಕೋರ್ಟ್ ಪೇಪರ್ ಪರ ತೀರ್ಪು ಕೊಡೋವರೆಗೂ. ತಲೆ ಕೊಯ್ದವರ ಕೈಯಲ್ಲಿ ಗರಗಸ ಇತ್ತು, ಇವ್ರ ಕೈಯಲ್ಲಿ ವಕೀಲ್ರು.

ನ್ಯೂಹಾವ್ನ್‌ನ ಬಣ್ಣಬಣ್ಣದ ಮನೆಗಳ ಮುಂದೆ ಕೂತು ಒಂದು ಕಾಫಿ ಕುಡಿಯೋಣ ಅಂದ್ರೆ "ಲಂಚ್ ಹಡಗಲ್ಲೇ, ಫ್ರೀ" ಅಂತ ವಾಪಸ್ ತಳ್ಕೊಂಡು ಬಂದ್ರು. ಫ್ರೀ ಏನ್ ಬಂತು, ಟಿಕೆಟ್ಟಲ್ಲೇ ಕಿತ್ಕೊಂಡಿರ್ತಾರಲ್ಲ.

ಸಂಜೆ ಟೀ ಹಾಕ್ತಿದ್ದ ಹುಡುಗ ನಮ್ಮ ಕನ್ನಡ ಕೇಳಿ ನಿಂತ, ಮಂಗ್ಳೂರು ಕಡೆಯವ್ನು. "ಹೇಗಿತ್ತು ಸರ್ ಮತ್ಸ್ಯಕನ್ಯೆ? ನಾನು ಫೋಟೋದಲ್ಲೇ ನೋಡಿದ್ದು ಮಾರಾಯ್ರೆ." ಈ ಬಂದರಿಗೆ ಸೀಸನ್ನೆಲ್ಲ ಬರ್ತಾನೆ, ಹಡಗು ನಿಂತಾಗ್ಲೇ ಅವನಿಗೆ ಡ್ಯೂಟಿ. ತಮಾಷೆ ಸಾಕು ಅನ್ಸಿದ್ದು ಆಗ. ಕಾಲ್ನಡಿಗೆ ದೂರದಲ್ಲಿರೋದನ್ನ ನೋಡೋಕೆ ಅವನಿಗೆ ಒಂದು ಗಂಟೆ ಬಿಡುವು ಕೊಡೋಕಾಗಲ್ಲ, ಅವನು ಕಪ್ಪು ತೊಳೀತಾ ಇರ್ಬೇಕು, ನಾವು ಹೋಗಿ ಇಷ್ಟೇನಾ ಅಂತ ಮೂಗು ಮುರಿದು ಬರ್ಬೇಕು. ಥೂ. ಮೊಬೈಲಲ್ಲಿದ್ದ ಫೋಟೋ ತೋರ್ಸೋಣ ಅಂದ್ರೆ ಎಲ್ಲದ್ರಲ್ಲೂ ಆ ಅಂಕಲ್ ಬೆನ್ನು.

ಅಷ್ಟರಲ್ಲಿ ಮೈಕಲ್ಲಿ ಅನೌನ್ಸ್ಮೆಂಟು, ನಾಳೆ ಬರ್ಲಿನ್ ಅಂತೆ. ಬರ್ಲಿನ್‌ಗೆ ಸಮುದ್ರ ಯಾವಾಗ ಬಂತು ಅಂತ ಮ್ಯಾನೇಜರನ್ನ ಕೇಳ್ದೆ. "ಹಡಗು ನಿಲ್ಲೋದು ವಾರ್ನೆಮುಂಡೆಯಲ್ಲಿ ಸಾರ್, ಅಲ್ಲಿಂದ ಬಸ್ಸಲ್ಲಿ ಜಸ್ಟ್ ಮೂರು ಗಂಟೆ. ಸ್ಟಿಕ್ಕರ್ ಕಳ್ಕೋಬೇಡಿ."